ಅಪ್ಪನಿಗೆ ಹಾಕಿದ ಬೀಗ

ಬೀಗ ರಿಪೇರಿಯವನಿಗೆ ಊರಿನ ಬೀಗಗಳೆಲ್ಲ ಬಗ್ಗುತ್ತಿದ್ದವು, ಮನೆಯಲ್ಲಿದ್ದ ಅಪ್ಪನೊಬ್ಬ ಬಗ್ಗುತ್ತಿರಲಿಲ್ಲ. ಆ ಮುದುಕ ಸಾಮಾನ್ಯನೇ? ನಲವತ್ತು ವರ್ಷ ಅದೇ ಕಸುಬು ಮಾಡಿ ಮಗನಿಗೂ ಕಲಿಸಿದವನು. ಈಗ ಮಗನ ಮುಖ ಮರೆತಿದ್ದ, ಹೆಂಡತಿ ಸತ್ತದ್ದನ್ನೂ ಮರೆತಿದ್ದ. ಬೆರಳುಗಳು ಮಾತ್ರ ಏನನ್ನೂ ಮರೆತಿರಲಿಲ್ಲ. ಮಗ ಯಾವ ಬೀಗ ಜಡಿದು ಹೋದರೂ ಸರಿ, ಒಂದು ಪಿನ್ನು ಸಿಕ್ಕರೆ ಸಾಕು, ಅಂಗಡಿ ತೆರೆಯಬೇಕೆಂದು ಬನಿಯನ್ನಿನಲ್ಲೇ ಬೀದಿಗಿಳಿಯುತ್ತಿದ್ದ. ಎರಡು ಸಲ ಬಸ್ಸಿನಡಿ ಸಿಗಬೇಕಿತ್ತು, ಕೂದಲೆಳೆಯಲ್ಲಿ ಪಾರಾಗಿದ್ದ.

ಅಕ್ಕನೊಬ್ಬಳಿದ್ದಳು. ಫೋನಿನಲ್ಲಿ ಸಲಹೆ ಕೊಡುವುದರಲ್ಲಿ ಎತ್ತಿದ ಕೈ. "ನೋಡ್ಕೊಳ್ಳೋಕೆ ಯಾರನ್ನಾದ್ರೂ ಇಡೋ" ಅನ್ನುತ್ತಿದ್ದಳು. ಇಟ್ಟ ಇಬ್ಬರೂ ವಾರದೊಳಗೆ ಕಾಲ್ಕಿತ್ತಿದ್ದರು. ಕೊನೆಗೆ ಮಗ ರೋಸಿಹೋಗಿ, ಒಳಗಿಂದಲೂ ಹೊರಗಿಂದಲೂ ಕೀಲಿ ಇದ್ದರೆ ಮಾತ್ರ ತೆರೆಯುವ ಮಹಾ ಹಠಮಾರಿ ಬೀಗವೊಂದನ್ನು ಬಾಗಿಲಿಗೆ ಕೂರಿಸಿದ. ಮನೆಯಲ್ಲಿದ್ದ ತಂತಿ, ಪಿನ್ನು, ಸೂಜಿಗಳನ್ನೆಲ್ಲ ಗುಡಿಸಿ ಹೊರಗೆ ಹಾಕಿದ. ನಾಲ್ಕು ದಿನ ಅಪ್ಪ ಬಾಗಿಲ ಹತ್ತಿರ ಸುಮ್ಮನೆ ಕೂತಿದ್ದ. ಮಗನಿಗೆ ಹೋದ ಜೀವ ಬಂದಂತಾಯಿತು.

ಐದನೆಯ ದಿನ ಮಧ್ಯಾಹ್ನ, ಗಿರಾಕಿಯೊಬ್ಬನ ಬಾಗಿಲ ಮುಂದೆ ಕೆಲಸ ಮಾಡುತ್ತಿದ್ದಾಗ ಎದುರುಮನೆಯ ಟೀಚರಮ್ಮ ಫೋನ್ ಮಾಡಿದರು. "ಬೇಗ ಬನ್ನಿ! ನಿಮ್ಮ ಅಡುಗೆಮನೆ ಕಿಟಕಿಯಿಂದ ಹೊಗೆ ಬರ್ತಿದೆ!"

ಅವನಿಗೆ ಥಟ್ಟನೆ ನೆನಪಾಯಿತು. ಬೆಳಿಗ್ಗೆ ಅಪ್ಪನಿಗೆ ಸ್ನಾನ ಮಾಡಿಸುವ ಕುಸ್ತಿಯಲ್ಲಿ ಅಪ್ಪ ಒಲೆ ಹಚ್ಚದಿರಲೆಂದು ದಿನವೂ ಮಾಡುತ್ತಿದ್ದಂತೆ ಗ್ಯಾಸ್ ಸಿಲಿಂಡರ್ ಬಂದ್ ಮಾಡುವುದು ಮರೆತಿತ್ತು. ಚೀಲ ಹೆಗಲಿಗೇರಿಸಿ ಎದ್ದುಬಿದ್ದು ಓಡಿದ. ಮೂರು ಮಹಡಿ ಹತ್ತಿ ಜೇಬಿಗೆ ಕೈ ಹಾಕಿದರೆ ಕೀಲಿಗೊಂಚಲೇ ಇಲ್ಲ. ಗಿರಾಕಿಯ ಮೆಟ್ಟಿಲ ಮೇಲೆ ಉಳಿದಿತ್ತು. ಹಾಳಾಗಿ ಹೋಗಲಿ! ಚೀಲದಿಂದ ತಂತಿ ತೆಗೆದು ಬೀಗದ ಕಿಂಡಿಗೆ ಹಾಕಿದ. ಅವಸರದ ಕೈಗೆ ಅದು ಬಗ್ಗುತ್ತದೆಯೇ? ತಂತಿ ಟಕ್ಕೆಂದು ಹೊರಗಿನ ಕಿಂಡಿಯಲ್ಲೇ ಮುರಿಯಿತು. ಬಾಗಿಲನ್ನು ಒದ್ದ. ಗಟ್ಟಿಯಿರಲೆಂದು ತಾನೇ ಕಬ್ಬಿಣದ ಪಟ್ಟಿ ಹೊಡೆಸಿದ್ದ ಬಾಗಿಲು, ಜಗ್ಗಲಿಲ್ಲ.

"ಅಪ್ಪಾ! ಗ್ಯಾಸ್ ಆಫ್ ಮಾಡು!"

ಒಳಗೆ ಕೆಮ್ಮು. "ಯಾರಪ್ಪ ಅದು? ಅಂಗಡಿ ಇನ್ನೂ ತೆಗೆದಿಲ್ಲ."

ಮಗನಿಗೆ ಅಳುವೇ ಬಂತು. ಆದರೂ ಗಿರಾಕಿಯಂತೆ ದನಿ ಬದಲಿಸಿದ. "ಯಜಮಾನ್ರೇ, ಬಾಗ್ಲು ಲಾಕ್ ಆಗ್ಬಿಟ್ಟಿದೆ. ನಿಮ್ಮನ್ನ ಬಿಟ್ರೆ ಯಾರ ಕೈಲೂ ಆಗಲ್ಲ ಅಂದ್ರು."

"ಅದನ್ನ ಮೊದ್ಲೇ ಹೇಳ್ಬಾರ್ದೇ?"

ಉಳಿದೆರಡು ತಂತಿಗಳನ್ನು ಬಾಗಿಲಡಿಯ ಸಂದಿಯಿಂದ ಒಳಗೆ ತಳ್ಳಿದ. ಅದೇ ಸಂದಿಯಿಂದ ಹೊಗೆ ಹೊರಗೆ ಬರುತ್ತಿತ್ತು. ಒಳಗಡೆಯ ಕಿಂಡಿಯಲ್ಲಿ ಕಿರಕಿರ ಸದ್ದು. ಕೆಮ್ಮು. ಮತ್ತೆ ಸದ್ದು. ಆಮೇಲೆ ಏನೂ ಕೇಳಿಸಲಿಲ್ಲ.

"ಯಜಮಾನ್ರೇ!"

"ಬಾಯ್ಮುಚ್ಕೊಂಡಿರಯ್ಯಾ, ಕೈ ತಪ್ಪುತ್ತೆ."

ಕಟಕ್ಕೆಂದಿತು. ಮಗ ಅಪ್ಪನನ್ನು ಹೊರಗೆಳೆದು ಅಷ್ಟರಲ್ಲಿ ಓಡಿಬಂದಿದ್ದ ಟೀಚರಮ್ಮನಿಗೆ ಒಪ್ಪಿಸಿ, ಬಾಯಿಗೆ ಬಟ್ಟೆ ಒತ್ತಿಕೊಂಡು ನುಗ್ಗಿ ಗ್ಯಾಸ್ ನಿಲ್ಲಿಸಿದ. ಪಾತ್ರೆ ಕರಕಲಾಗಿತ್ತು. ಪಕ್ಕದಲ್ಲಿ ಹತ್ತಿಕೊಂಡಿದ್ದ ಟವೆಲ್ಲಿಗೆ ಬಕೆಟ್ ನೀರು ಸುರಿದ.

ಹೊರಗೆ ಬಂದರೆ ಅಪ್ಪ ಮೆಟ್ಟಿಲ ಮೇಲೆ ಕೂತು ಕೆಂಡಾಮಂಡಲವಾಗಿದ್ದ. "ಒಳಗೆ ಮನುಷ್ಯ ಇದ್ದಾನೆ ಅಂತ ಗೊತ್ತಿದ್ದೂ ಬೀಗ ಹಾಕಿದವನು ಯಾರಯ್ಯ?"

"ನಾನೇ," ಎಂದ ಮಗ. "ಬೇರೆ ದಾರಿ ಕಾಣ್ಲಿಲ್ಲ."

ಅಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ನಿಮ್ಮಪ್ಪ ಆಗಿದ್ರೂ ಹೀಗೇ ಮಾಡ್ತಿದ್ಯಾ?" ಎಂದು ಕೇಳಿದ.