ಕೈ ನೋಡುವ ಸೀರೆಯಂಗಡಿಯವನು

ಸಾಂಗಲಿ ಪೇಟೆಯ ಆ ಸೀರೆಯಂಗಡಿಯವನು ಗಿರಾಕಿಯ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದ. ಸಿರಿವಂತರ ಮನೆಯ ಹೆಂಗಸರು ಸಾದಾ ನೂಲಿನ ಸೀರೆಯ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ನೋಡುತ್ತಾರೆ. ನಮ್ಮಂಥ ಗಿರಣಿ ಕೂಲಿಯವರ ಕೈ ಸೀದಾ ಮಿಂಚುವ ಜರಿಯ ಮೇಲೆ ಹೋಗುತ್ತದೆ. ಅವರಿಗೆ ಯಾರಿಗೂ ತೋರಿಸಿಕೊಳ್ಳಬೇಕಾಗಿಲ್ಲ, ನಮಗೆ ಬೇಕು. ಏನು ಕೇಳಿದರೂ "ಕೈ ಹೇಳತೈತ್ರಿ" ಅನ್ನುವುದೊಂದೇ ಅವನ ಮಾತು.

ಮಾಧವನಗರದ ನಮ್ಮ ಗಿರಣಿಯನ್ನು ಇನ್ನೊಂದು ದೊಡ್ಡ ಗಿರಣಿಗೆ ಸೇರಿಸುತ್ತಾರಂತೆ ಎಂಬ ಸುದ್ದಿ ಹಬ್ಬಿತ್ತು. ಯಾರ ಕೆಲಸ ಹೋಗುತ್ತದೋ ಗೊತ್ತಿರಲಿಲ್ಲ. ನನ್ನ ಗಂಡ ಅಲ್ಲಿ ಮಗ್ಗ ನಡೆಸುತ್ತಿದ್ದ. ಆಗೊಮ್ಮೆ ಅಂಗಡಿಯಲ್ಲಿ ನನ್ನ ಮುಂದೆ ಗಿರಣಿ ಮ್ಯಾನೇಜರರ ಹೆಂಡತಿ ಕುಳಿತಿದ್ದರು. ಎಂದಿನಂತೆ ಸಾದಾ ಸೀರೆ ಕೇಳಿದರು. ಆದರೆ ಅವರ ಕೈ ಪಕ್ಕದಲ್ಲಿದ್ದ ಜರಿಯನ್ನು ಸವರತೊಡಗಿತು, ನಿಲ್ಲಲೇ ಇಲ್ಲ. ಆತ ಸಾದಾ ಸೀರೆಗಳನ್ನು ಸುಮ್ಮನೆ ಮಡಚಿಟ್ಟ.

"ಯಾಕ ತಗದಿ? ನನ್ನ ಏನಂತ ತಿಳಿದಿ?"

"ನಾ ಏನೂ ತಿಳಿದಿಲ್ರಿ ಬಾಯಿಸಾಹೇಬ್ರ. ಕೈ ಹೇಳತೈತ್ರಿ."

ಆಕೆ ಬೈಯುತ್ತಲೇ ಆ ಜರಿ ಸೀರೆಯನ್ನೇ ಕೊಂಡು ಹೋದರು. ಅದೇ ವಾರ ಗಿರಣಿಗಳು ಕೂಡಿದವು, ಮ್ಯಾನೇಜರರ ಕೆಲಸ ಹೋಯಿತು, ಅವರ ಬಂಗಲೆ ಖಾಲಿಯಾಯಿತು. ಕೂಲಿಯವರ ಗತಿ ಮಾತ್ರ ಇನ್ನೂ ತಿಳಿದಿರಲಿಲ್ಲ.

ತಂಗಿಯ ಮಗಳ ಮದುವೆಗೆ ಸೀರೆ ಬೇಕಿತ್ತು. ಹೋದೆ.

"ಬರ್ರಿ ಅಕ್ಕಾರ, ಕುಂದ್ರಿ. ಯಾವದು ಬೇಕು, ಮುಟ್ಟಿ ನೋಡ್ರಿ."

ನನ್ನ ಕೈ ಏನು ಹೇಳಿಬಿಡುತ್ತದೋ ಎಂದು ನಾನು ಎರಡೂ ಕೈ ಸೆರಗಿನೊಳಗೆ ಸುತ್ತಿಕೊಂಡೆ. "ಮುಟ್ಟಂಗಿಲ್ಲ. ಕಣ್ಣಲೇ ನೋಡ್ತೇನಿ, ತೋರಸು" ಅಂದೆ.

ಆತ ಸೀರೆ ತೋರಿಸಲಿಲ್ಲ. ನನ್ನ ಸೆರಗನ್ನೇ ನೋಡುತ್ತ ಕುಳಿತ.