ಉತ್ತರದ ಕಿಟಕಿ

ನಮ್ಮ ಕಲ್ಕತ್ತೆಯ ಹಾತಿಬಾಗಾನಿನಲ್ಲಿ ಆಗ ಕೂಗಳತೆಯೊಳಗೆ ಐದು ಥಿಯೇಟರು. ನಮ್ಮ 'ಚಂದ್ರಿಕಾ', ಟ್ರಾಮ್ ಹಳಿಯಾಚೆ 'ಮಂಜರಿ'. ಅವರ ಒಗ್ಗರಣೆಗೆ ನಮ್ಮ ಮೂಗು, ನಮ್ಮ ಪಿಸುಮಾತಿಗೆ ಅವರ ಕಿವಿ. ಹೊಸ ನಾಟಕ ಕಳುವಾಗಬಾರದೆಂದು ನಟರಿಗೆ ಅವರವರ ಮಾತಷ್ಟೇ ಬರೆದುಕೊಡುತ್ತಿದ್ದರು. ಪೂರ್ತಿ ಪುಸ್ತಕ ಇರುತ್ತಿದ್ದುದು ಪ್ರಾಂಪ್ಟರ್ ನಿಬಾರಣ ಶೀಲರ ಕೈಯಲ್ಲಿ ಮಾತ್ರ. ಮೂವತ್ತು ವರ್ಷ ರಂಗದ ಎಡಗಡೆಯ ವಿಂಗಿನ ಮರೆಯಲ್ಲಿ ನಿಂತು, ಮರೆತವರಿಗೆ ಮಾತು ಹೇಳಿಕೊಟ್ಟು ಸವೆದ ಕಡ್ಡಿಯಂಥ ಮನುಷ್ಯ; ನಮಗೆಲ್ಲ ನಿಬಾರಣದಾ, ಅಂದರೆ ನಿಬಾರಣಣ್ಣ.

ಆ ವರ್ಷ ನಮ್ಮ ನಾಟಕ ರಂಗಕ್ಕೇರಲು ಎರಡು ವಾರವಿದ್ದಾಗ ಮಂಜರಿಯವರು ಹೊಸದೊಂದು ಆಡಿದರು. ಮರುದಿನವೇ ಸುದ್ದಿ ಬಂತು: ಅದರಲ್ಲಿ ನಮ್ಮ ಮಾತುಗಳಿವೆ!

ಮಾಲೀಕರು ಕುಂಡುಬಾಬು ಪುಸ್ತಕ ಕಸಿದುಕೊಂಡರು. "ನಿಬಾರಣ, ಎಷ್ಟಕ್ಕೆ ಮಾರ್ದೆ?"

"ಬಾಬು, ನನ್ನ ಮಗಳಾಣೆ..."

"ಮಗಳನ್ನ ಯಾಕಯ್ಯಾ ಎಳೀತೀಯ? ನೀನು ಆಚೆ ಚಹಾ ಕುಡಿಯೋದನ್ನ ನೋಡಿದವರಿದ್ದಾರೆ."

ನೋಡಿದವನು ನಾನೇ, ವಿಗ್ ಕೂರಿಸುವ ಭೂತನಾಥ. ಹೇಳಿದವನೂ ನಾನೇ. ಮಂಜರಿಯ ಬಾಗಿಲ ಅಂಗಡಿಯಲ್ಲಿ ಚಹಾ ಕುಡಿಯುವವನಿಗೆ ಬೇರೆ ಕೆಲಸವೇನು ಎಂದು ನನ್ನ ಲೆಕ್ಕ.

"ಇಲ್ಲಿಯ ಚಹಾ ವಿಗ್ಗಿನ ಅಂಟಿನ ಹಾಗಿರುತ್ತಲ್ಲ, ಭೂತೊ!" ಎಂದರು ನಿಬಾರಣದಾ ನನ್ನನ್ನೇ ನೋಡುತ್ತ. ಯಾರೂ ನಗಲಿಲ್ಲ.

ಗುರುವಾರ ಕುಂಡುಬಾಬು ನಮ್ಮನ್ನು ಮಂಜರಿಗೆ ಕರೆದೊಯ್ದರು: ನಿಬಾರಣದಾ, ತಾಯಿಯ ಪಾತ್ರದ ಲತಿಕಾದಿ, ಅಂದರೆ ನಮ್ಮ ಲತಿಕಕ್ಕ, ಮತ್ತೆ ನಾನು. ನಾಯಕ ಪ್ರದ್ಯೋತನಿಗೆ ತಲೆನೋವಂತೆ. "ಕಳ್ಳನ ಮುಖ ನೋಡ್ತಿರು, ನಾಟಕ ಆಮೇಲೆ ನೋಡುವಿಯಂತೆ," ಎಂದು ಬಾಬು ನನ್ನ ಕಿವಿಯಲ್ಲಿ ಹೇಳಿದರು.

ನೋಡಿದೆ. ರಂಗದ ಮೇಲೆ ಸಾಯುತ್ತಿರುವ ಮಗ ಮಾತೆತ್ತಿದೊಡನೆ ನಿಬಾರಣದಾರ ತುಟಿಗಳು ಅಭ್ಯಾಸಬಲದಿಂದ ಅಲುಗತೊಡಗಿದವು. ಅಕ್ಷರ ಅಕ್ಷರವೂ ನಮ್ಮದೇ! ಮಗ ಎಂದ: "ಅಮ್ಮಾ, ದಕ್ಷಿಣದ ಕಿಟಕಿ ತೆರೆ."

"ಉತ್ತರದ!" ಎಂದರು ನಿಬಾರಣದಾ, ಗಟ್ಟಿಯಾಗಿ. ಮುಂದಿನ ಸಾಲಿನವರು ತಿರುಗಿದರು. "ಬಾಬು, ಪುಸ್ತಕದಲ್ಲಿ ಉತ್ತರದ ಕಿಟಕಿ. ಅವನಣ್ಣ ಮನೆ ಬಿಟ್ಟುಹೋದ ದಾರಿ ಆ ಕಡೆ. ದಕ್ಷಿಣ ಅನ್ನೋದು ಒಬ್ಬನೇ."

ತಾಲೀಮಿನಲ್ಲಿ ದಿನವೂ ಪ್ರದ್ಯೋತ ಅಲ್ಲೇ ತಪ್ಪುತ್ತಿದ್ದ. ತಂಪು ಗಾಳಿ ದಕ್ಷಿಣದಿಂದಲೇ ಬೀಸುವ ಕಲ್ಕತ್ತೆಯಲ್ಲಿ ಹುಟ್ಟಿದವನ ಬಾಯಿಗೆ ದಕ್ಷಿಣವೇ ಮೊದಲು ಬರುತ್ತದೆ.

"ನನ್ನ ಮಾತು ಒಂದೂ ಇಲ್ಲವಲ್ಲ ಇಲ್ಲಿ!" ಎಂದರು ಲತಿಕಾದಿ. "ತಾಯಿ ಬೇರೇನೋ ಒದರ್ತಿದ್ದಾಳೆ. ಪುಸ್ತಕ ಮಾರಿದ್ರೆ ನನ್ನನ್ನ ಬಿಡ್ತಿದ್ರಾ?"

ಪ್ರದ್ಯೋತನಿಗೆ ಗೊತ್ತಿದ್ದುದು ಅವನ ಮಾತು ಮಾತ್ರ, ಮಂಜರಿಯವರಿಗೆ ಬಾಯಲ್ಲಿ ಹೇಳಿ ಬರೆಸಿದ್ದೂ ಅಷ್ಟೇ. ಮುಂದಿನ ವರ್ಷ ಮಂಜರಿಗೆ ಹಾರುವ ಆಸೆಯಿತ್ತಂತೆ. ಸಿಕ್ಕಿಬಿದ್ದ ಮೇಲೆ ಅತ್ತು ಬಾಬುವಿನ ಕಾಲಿಗೆ ಬಿದ್ದ. ಟಿಕೆಟ್ಟು ಹೋಗುತ್ತಿದ್ದುದು ಅವನ ಮುಖಕ್ಕೇ ಆದ್ದರಿಂದ ಕುಂಡುಬಾಬು ಹಲ್ಲುಕಚ್ಚಿ ಉಳಿಸಿಕೊಂಡರು. ನಿಬಾರಣದಾರಿಗೆ ಪುಸ್ತಕ ಮರಳಿತು.

ನಮ್ಮ ಮೊದಲ ಆಟದ ದಿನ ಪ್ರದ್ಯೋತ ಅದೇ ಸಾಲಿನಲ್ಲಿ ನಿಂತುಬಿಟ್ಟ. "ಅಮ್ಮಾ..." ಎಂದವನ ಕಣ್ಣು ವಿಂಗಿನ ಕಡೆ. ಈಗ ನಿಬಾರಣದಾ ಸೇಡು ತೀರಿಸಿಕೊಳ್ಳುತ್ತಾರೆ ಎಂದುಕೊಂಡೆ. ಆದರೆ ಅಮ್ಮ ಮಗುವಿಗೆ ಹೇಳಿಕೊಡುವಷ್ಟು ಮೆಲ್ಲಗೆ ಎಡಗಡೆಯಿಂದ ಬಂತು: "ಉತ್ತರದ."

"ಉತ್ತರದ ಕಿಟಕಿ ತೆರೆ," ಎಂದ ಪ್ರದ್ಯೋತ. ಅವನು ಸರಿಯಾಗಿ ಹೇಳಿದ್ದು ಅದೇ ಮೊದಲು.

ಆಟ ಮುಗಿದ ಮೇಲೆ ಟ್ರಾಮ್ ಹಳಿ ದಾಟಿ ಆಚೆಯ ಒಳ್ಳೆ ಚಹಾವನ್ನೇ ತಂದುಕೊಟ್ಟೆ. ನಿಬಾರಣದಾ ನಕ್ಕರು. ಮೊದಲು ಪುಸ್ತಕವನ್ನು ತೊಡೆಯ ಕೆಳಗೆ ಸರಿಸಿಕೊಂಡು, ಆಮೇಲೆ ಕೈ ಚಾಚಿದರು.