‘ತಿಳಿಸಿದೆ’ ಎಂಬ ಗುರುತು

ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಕಂಪ್ಯೂಟರಮ್ಮ. ಪ್ರಿಂಟರ್ ಕೆಟ್ಟರೂ ಅವಳೇ ಬರಬೇಕು, ಫ್ಯಾನ್ ನಿಂತರೂ ಅವಳೇ ಬರಬೇಕು. ಲ್ಯಾಬಿನ ಹಿಂದೆ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ರೋಗಿಗಳ ವರದಿಗಳನ್ನೆಲ್ಲ ದಾಖಲೆಗಳಾಗಿ ಇಟ್ಟುಕೊಂಡ ಡೇಟಾಬೇಸನ್ನು ನೋಡಿಕೊಳ್ಳುವುದು ಅವಳ ನಿಜವಾದ ಕೆಲಸ.

ಆ ಡೇಟಾಬೇಸಿನ ಮೇಲೆ ಅವಳಿಗೊಂದು ಹಳೆಯ ಸಿಟ್ಟು. ಕೇಳಿದರೆ ಎಲ್ಲ ಹೇಳುತ್ತಿತ್ತು, ಕೇಳದಿದ್ದರೆ ಬಾಯಿಗೆ ಬೀಗ. ಅವಳ ಅಕ್ಕ ಇಲ್ಲೇ ಹೆಂಗಸರ ವಾರ್ಡಿನಲ್ಲಿ ಮಲಗಿದ್ದಾಗ, ರಕ್ತದಲ್ಲಿ ಪೊಟ್ಯಾಸಿಯಂ ವಿಪರೀತ ಏರಿದೆಯೆಂಬ ವರದಿ ಅದರೊಳಗೆ ಸಿದ್ಧವಾಗಿ ಬಿದ್ದಿತ್ತು. ವಾರ್ಡಿನವರಿಗೆ ಕೈತುಂಬ ಕೆಲಸ, ಯಾರೂ ತೆರೆದು ನೋಡಲಿಲ್ಲ. ನೋಡುವ ಹೊತ್ತಿಗೆ ಅಕ್ಕನ ಹೃದಯ ನಿಂತಿತ್ತು. ಕಂಪ್ಯೂಟರಮ್ಮ ಯಾರನ್ನೂ ದೂರಲಿಲ್ಲ. ಅಪಾಯದ ವರದಿ ಬಂದೊಡನೆ ಡೇಟಾಬೇಸೇ ವಾರ್ಡಿನ ಫೋನಿಗೆ ಸುದ್ದಿ ಮುಟ್ಟಿಸಬೇಕು ಎಂದು ಹಟ ಹಿಡಿದಳು.

ಕೆಲವು ವರ್ಷ ಕಾಡಿದ ಮೇಲೆ ಮೇಲಧಿಕಾರಿ ಮೂಗು ಮುರಿಯುತ್ತಲೇ ಒಪ್ಪಿದರು. ಅಪಾಯದ ಅಂಕಿಯಿರುವ ದಾಖಲೆಯಲ್ಲಿ ಏನೇ ಬದಲಾದರೂ ತಕ್ಷಣ ಫೋನಿಗೆ ಸೂಚನೆ ಹೋಗುವಂತೆ ಅವಳು ಪ್ರೋಗ್ರಾಂ ಬರೆದಳು. ಹೋಯಿತೋ ಇಲ್ಲವೋ ಗೊತ್ತಾಗಬೇಡವೇ? ಅದಕ್ಕೆ, ಸೂಚನೆ ಹೋದ ಮೇಲೆ ಅದೇ ದಾಖಲೆಯ ಕೆಳಗೆ ವೇಳೆ ಸಮೇತ ‘ತಿಳಿಸಿದೆ’ ಎಂಬ ಗುರುತು ಬೀಳುವಂತೆಯೂ ಮಾಡಿದಳು. ಅಚ್ಚುಕಟ್ಟಿನ ಹೆಂಗಸು, ಅಚ್ಚುಕಟ್ಟೇ ಮುಳುವಾಯಿತು.

ಮೊದಲ ದಿನವೇ ಹೆಂಗಸರ ವಾರ್ಡಿನ ಫೋನ್ ಕೂಗತೊಡಗಿದ್ದು ನಿಲ್ಲಲೇ ಇಲ್ಲ. ಒಬ್ಬಳೇ ರೋಗಿ, ಒಂದೇ ವರದಿ. ಚಿಕಿತ್ಸೆ ಕೊಟ್ಟು ಮುಗಿದರೂ ಅದೇ ಗೋಳು. ಡಾಕ್ಟರುಗಳು ನಕ್ಕರು. ಹಿರಿಯ ನರ್ಸ್ ಫೋನನ್ನು ಆಫ್ ಮಾಡಿ ಡ್ರಾಯರಿಗೆ ಎಸೆದು, ಇನ್ನು ಅದನ್ನು ಸುತಾರಾಂ ಮುಟ್ಟುವುದಿಲ್ಲವೆಂದು ಹೇಳಿ ಕಳಿಸಿದರು.

ಕಾರಣ ಹೊಳೆದಾಗ ಕಂಪ್ಯೂಟರಮ್ಮ ನಾಲಿಗೆ ಕಚ್ಚಿಕೊಂಡಳು. ‘ತಿಳಿಸಿದೆ’ ಎಂದು ಬರೆದದ್ದೂ ದಾಖಲೆಯಲ್ಲಿ ಒಂದು ಬದಲಾವಣೆಯೇ ತಾನೆ? ಬದಲಾಯಿತೆಂದು ಡೇಟಾಬೇಸು ಮತ್ತೆ ತಿಳಿಸಿತು, ತಿಳಿಸಿದೆನೆಂದು ಮತ್ತೆ ಬರೆಯಿತು. ಪಾಪ, ಅದು ಹೇಳಿದ ಹಾಗೇ ಕೇಳಿತ್ತು. ಆ ಗುರುತು ಅಪಾಯದ ಅಂಕಿಯಿಲ್ಲದ ಬೇರೊಂದು ದಾಖಲೆಯಲ್ಲಿ ಬೀಳುವಂತೆ ಮಾಡಿದಳು, ಸರಿಹೋಯಿತು. ಆದರೆ ಆಫ್ ಆದ ಫೋನಿಗೆ ಯಾರು ಏನು ತಿಳಿಸಿ ಏನು ಪ್ರಯೋಜನ? ಮತ್ತೊಂದು ವರದಿ ಹಾಗೇ ಬಿದ್ದಿದ್ದರೆ ಎಂದು ನೆನೆದು ಎದ್ದು ವಾರ್ಡಿಗೆ ಹೋದಳು.

ಹಿರಿಯ ನರ್ಸ್ ಬ್ಯಾಂಡೇಜ್ ಬಟ್ಟೆ ಸುತ್ತುತ್ತಿದ್ದರು, ತಲೆಯೆತ್ತಲಿಲ್ಲ. ಆ ಯಂತ್ರ ತಮ್ಮ ತಲೆ ತಿಂದದ್ದು ಸಾಕು ಎಂದರು.

“ತಪ್ಪು ನಂದೇ ಸಿಸ್ಟರ್. ಸರಿ ಮಾಡಿದೀನಿ,” ಎಂದಳು ಕಂಪ್ಯೂಟರಮ್ಮ. “ನಮ್ಮಕ್ಕನ ವರದಿ ಆವತ್ತು ರೆಡಿ ಇತ್ತು. ಯಾರಿಗೂ ಗೊತ್ತಾಗ್ಲಿಲ್ಲ. ಅದಕ್ಕೇ ಇದನ್ನ ಮಾಡಿದ್ದು.”

ನರ್ಸ್ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು. ಅಕ್ಕ ಹೋದ ದಿನ ಈ ವಾರ್ಡಿನಲ್ಲಿ ಕೆಲಸದ ಮೇಲಿದ್ದವರು ಅವರೇ. ಅದು ಇಬ್ಬರಿಗೂ ಗೊತ್ತಿತ್ತು. ಇಷ್ಟು ವರ್ಷ ಇಬ್ಬರೂ ಒಬ್ಬರಿಗೊಬ್ಬರು ನಕ್ಕು ಮಾತಾಡಿದ್ದರು, ಆ ಮಾತೊಂದನ್ನು ಬಿಟ್ಟು.

“ನಾನು ನೋಡ್ಬೇಕಿತ್ತಮ್ಮ,” ಎಂದರು ನರ್ಸ್. “ನೀವು ಒಂದು ಸಲನಾದ್ರೂ ಬಂದು ಬೈತೀರ ಅಂತ ಕಾಯ್ತಾನೇ ಇದ್ದೆ.”

ಕಂಪ್ಯೂಟರಮ್ಮನಿಗೆ ಅಳು ಬಂತು. ನರ್ಸ್ ಡ್ರಾಯರ್ ಎಳೆದು ಫೋನ್ ಆನ್ ಮಾಡಿ ತಮ್ಮ ಜೇಬಿಗೆ ಹಾಕಿಕೊಂಡರು.